ಸೈಕಲ್‌ನವರು ರಸ್ತೆಯ ಅಂಚಿಗೆ ಯಾಕೆ ಹೋಗುವುದಿಲ್ಲ?

ಬನಶಂಕರಿ ಕಾರು

ಜಗಳ ತೆಗೆಯಲು ಈ ಪ್ರಶ್ನೆ ಹಾಕುತ್ತಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು. ನಾನು ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿನವರೆಗೆ ಕಾರಿನಲ್ಲಿ ಓಡಾಡುತ್ತೇನೆ. ಎಡಗಡೆ ಜಾಗ ಖಾಲಿ ಇದ್ದರೂ ಸೈಕಲ್‌ನವರು ಲೇನ್ ಮಧ್ಯಕ್ಕೆ ಬಂದುಬಿಡುತ್ತಾರೆ. ಹಿಂದೆ ಬಸ್ಸು, ಪಕ್ಕದಲ್ಲಿ ಬೈಕುಗಳು, ಮುಂದೆ ಸೈಕಲ್. ನಾನು ಎಲ್ಲಿಗೆ ಹೋಗಲಿ?

ಕೆಂಪು ಸಿಗ್ನಲ್ ಬಿದ್ದಾಗ ನಾವೆಲ್ಲ ನಿಂತಿರುತ್ತೇವೆ, ಅವರು ಮೆಲ್ಲಗೆ ಮುಂದೆ ಹೋಗಿಬಿಡುತ್ತಾರೆ. ಕತ್ತಲಾದ ಮೇಲೆ ಎಷ್ಟೋ ಸೈಕಲ್‌ಗಳಿಗೆ ಲೈಟೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ. ಭಾನುವಾರ ಬೆಳಗ್ಗೆ ಕನಕಪುರ ರಸ್ತೆಗೆ ಹೋದರೆ ಮೂರು ನಾಲ್ಕು ಜನ ಅಕ್ಕಪಕ್ಕ ಮಾತಾಡಿಕೊಂಡು ಹೋಗುತ್ತಿರುತ್ತಾರೆ. ಹಾರ್ನ್ ಹೊಡೆದರೆ ತಿರುಗಿ ಬೈಯುತ್ತಾರೆ.

ನನಗೆ ಸಿಟ್ಟಿಗಿಂತ ಭಯ ಜಾಸ್ತಿ. ಯಾರಿಗಾದರೂ ತಗುಲಿಸಿಬಿಟ್ಟರೆ ಅನ್ನುವ ಭಯ. ಸೈಕಲ್ ತುಳಿಯುವವರು ಯಾರಾದರೂ ಸಮಾಧಾನವಾಗಿ ಹೇಳಿ.

ಪೆಡಲ್ ಪಯಣ

ಒಳ್ಳೆಯ ಪ್ರಶ್ನೆ ಸರ್. ಹೀಗೆ ಕೇಳುವವರು ಕಡಿಮೆ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಕಾರಿನೊಳಗಿಂದ ಖಾಲಿ ಕಾಣುವ ಆ ಎಡಗಡೆಯ ಒಂದು ಮೀಟರ್ ನಮಗೆ ಖಾಲಿ ಅಲ್ಲ. ಮೊದಲನೆಯದು ಮಳೆನೀರು ಇಳಿಯುವ ಕಬ್ಬಿಣದ ಜಾಲರಿ. ಎಷ್ಟೋ ಕಡೆ ಅದರ ಸರಳುಗಳನ್ನು ರಸ್ತೆ ಹೋಗುವ ದಿಕ್ಕಿಗೇ ಉದ್ದಕ್ಕೆ ಕೂರಿಸಿದ್ದಾರೆ. ಕಾರಿನ ಟೈರಿಗೆ ಅದು ಏನೂ ಅಲ್ಲ. ಸೈಕಲ್‌ನ ತೆಳುವಾದ ಚಕ್ರ ಆ ಸಂದಿಯಲ್ಲಿ ಇಳಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತೇವೆ. ಎರಡನೆಯದು ಡಾಂಬರಿನ ಮೆಟ್ಟಿಲು. ಹಳೆಯ ಪದರ ಕೆರೆಯದೆ ಮೇಲೆ ಮೇಲೆ ಹಾಕುತ್ತಾ ಹೋಗುತ್ತಾರಲ್ಲ, ಅಂಚಿನಲ್ಲಿ ನಾಲ್ಕೈದು ಬೆರಳು ಎತ್ತರದ ಏಣು ಉಳಿಯುತ್ತದೆ. ಅದರ ಕೆಳಗೆ ಇಳಿದರೆ ಮತ್ತೆ ಹತ್ತುವಾಗ ಚಕ್ರ ಜಾರುತ್ತದೆ. ಆಮೇಲೆ ಮರಳು, ಒಡೆದ ಗಾಜು, ಕೇಬಲ್‌ಗೆ ಅಗೆದು ಸುಮ್ನೆ ಮಣ್ಣು ಮುಚ್ಚಿದ ಗುಂಡಿ.

ಇಷ್ಟೆಲ್ಲಕ್ಕಿಂತ ಭಯ ಆಗುವುದು ನಿಲ್ಲಿಸಿರುವ ಕಾರುಗಳಿಂದ. ಒಳಗೆ ಯಾರಿದ್ದಾರೆ, ಯಾವಾಗ ಬಾಗಿಲು ತೆರೆಯುತ್ತಾರೆ ಗೊತ್ತಾಗುವುದಿಲ್ಲ. ಬಾಗಿಲು ಪೂರ್ತಿ ತೆರೆದರೆ ಹತ್ತಿರ ಹತ್ತಿರ ಒಂದು ಮೀಟರ್ ಹೊರಗೆ ಬರುತ್ತದೆ. ಅದನ್ನು ತಪ್ಪಿಸಲು ಆ ಕ್ಷಣದಲ್ಲಿ ಬಲಕ್ಕೆ ತಿರುಗಿದರೆ ಹಿಂದಿನ ಬಸ್ಸಿನ ಕೆಳಗೆ. ಆದ್ದರಿಂದ ಮೊದಲಿನಿಂದಲೇ ಬಾಗಿಲಿನ ಅಳತೆ ಬಿಟ್ಟು ಹೋಗುತ್ತೇವೆ. ನಿಮಗೆ ಅದು ಲೇನ್ ಮಧ್ಯ ಅನ್ನಿಸುತ್ತದೆ.

ಇನ್ನೊಂದು ಕಾರಣವನ್ನು ನೇರವಾಗಿಯೇ ಹೇಳುತ್ತೇನೆ. ರಸ್ತೆ ಕಿರಿದಾಗುವ ಕಡೆ, ಅಂಡರ್‌ಪಾಸ್ ಒಳಗೆ, ಮೇಲ್ಸೇತುವೆಯ ಬುಡದಲ್ಲಿ ಬೇಕೆಂದೇ ಮಧ್ಯ ಹಿಡಿಯುತ್ತೇನೆ. ಅಂಚಿನಲ್ಲಿ ಇದ್ದರೆ ಹಿಂದಿನವರಿಗೆ ತೂರಬಹುದು ಅನ್ನಿಸುತ್ತದೆ. ತೂರುತ್ತಾರೆ ಕೂಡ, ಕನ್ನಡಿ ನನ್ನ ಮೊಣಕೈಗೆ ಸವರಿಕೊಂಡು ಹೋಗುತ್ತದೆ. ಮಧ್ಯದಲ್ಲಿ ಇದ್ದರೆ ಒಂದಿಷ್ಟು ಹೊತ್ತು ಕಾಯುತ್ತಾರೆ, ಹಾರ್ನ್ ಹೊಡೆಯುತ್ತಾರೆ. ಹಾರ್ನ್ ನನ್ನನ್ನು ಕೊಲ್ಲುವುದಿಲ್ಲ.

ಎಷ್ಟು ಹೊತ್ತು ಕಾಯಬೇಕು ಅಂತ ಲೆಕ್ಕ ಹಾಕಿ ನೋಡಿ. ನಾನು ಗಂಟೆಗೆ 15 ಕಿ.ಮೀ. ವೇಗದಲ್ಲಿದ್ದೇನೆ. 200 ಮೀಟರ್ ನನ್ನ ಹಿಂದೆ ಬಂದರೆ ನಿಮಗೆ 48 ಸೆಕೆಂಡ್ ಬೇಕು. ನೀವು 40ರಲ್ಲಿ ಹೋಗಿದ್ದರೆ 18 ಸೆಕೆಂಡ್. ವ್ಯತ್ಯಾಸ ಅರ್ಧ ನಿಮಿಷ. ಅದೂ ಮುಂದಿನ ಸಿಗ್ನಲ್‌ನಲ್ಲಿ ಹೋಗಿಬಿಡುತ್ತದೆ.

ಡೀಸೆಲ್ ಗಾಡಿ

ಜಾಲರಿ, ಬಾಗಿಲು ಎಲ್ಲ ಒಪ್ಪಿದೆ. ಸಿಗ್ನಲ್ ವಿಷಯಕ್ಕೆ ಉತ್ತರ ಎಲ್ಲಿ? ನಮ್ಮ ಗಾಡಿಗೆ ರಿಜಿಸ್ಟ್ರೇಶನ್ ಇದೆ, ಇನ್ಶೂರೆನ್ಸ್ ಇದೆ, ಲೈಫ್‌ಟೈಮ್ ಟ್ಯಾಕ್ಸ್ ಅಂತ ಲಕ್ಷಗಟ್ಟಲೆ ಕಟ್ಟಿದ್ದೇವೆ. ಕ್ಯಾಮೆರಾ ನಮ್ಮ ನಂಬರ್ ಪ್ಲೇಟ್ ಹಿಡಿಯುತ್ತದೆ. ಸೈಕಲ್‌ಗೆ ಒಂದು ನಂಬರೂ ಇಲ್ಲ. ತಾಗಿಸಿಕೊಂಡು ಹೋದರೆ ಯಾರನ್ನು ಹುಡುಕುವುದು? ನಿಯಮ ಎಲ್ಲರಿಗೂ ಒಂದೇ ಆಗಬೇಕು ಅಲ್ವಾ?

ಪೆಡಲ್ ಪಯಣ

ಸಿಗ್ನಲ್ ದಾಟಿ ಹೋಗುವುದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ನಿಲ್ಲುವ ಗೆರೆಯ ಹತ್ತಿರ, ಎಲ್ಲರ ಮುಂದೆ ಬಂದು ನಿಲ್ಲುವುದು ಬೇರೆ ವಿಷಯ. ಹಸಿರು ಬಿದ್ದಾಗ ನಾವು ಲಾರಿಯ ಪಕ್ಕದಲ್ಲಿ ಇರಬಾರದು, ಮುಂದೆ ಕಾಣುವ ಹಾಗೆ ಇರಬೇಕು.

ಟ್ಯಾಕ್ಸ್ ವಿಷಯ: ನೀವು ಕಟ್ಟುವ ವಾಹನ ತೆರಿಗೆ ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಊರೊಳಗಿನ ಬೀದಿಗಳನ್ನು ಮಾಡಿಸುವುದು ಪಾಲಿಕೆ. ಅದಕ್ಕೆ ಮನೆ ಕಂದಾಯವೂ ಸೇರುತ್ತದೆ, ಸರ್ಕಾರದ ಅನುದಾನವೂ ಸೇರುತ್ತದೆ. ಬಾಡಿಗೆ ಮನೆಯಲ್ಲಿರುವವನೂ ಬಾಡಿಗೆಯಲ್ಲೇ ಆ ಕಂದಾಯ ಕೊಡುತ್ತಿದ್ದಾನೆ. ಸೋಪು ಕೊಂಡರೂ ಜಿಎಸ್‌ಟಿ ಕೊಡುತ್ತಾನೆ. ರಸ್ತೆ ಅವನದೂ ಹೌದು.

ಪೀಣ್ಯ ಸೆಕೆಂಡ್ ಶಿಫ್ಟ್

ನಾನು ಗೇರ್ ಸೈಕಲ್‌ನವನಲ್ಲ. ಫ್ಯಾಕ್ಟರಿಗೆ ಹೋಗಲು ತುಳಿಯುವವನು. ನಮ್ಮ ಶಿಫ್ಟ್ ಬಿಡುವುದು ರಾತ್ರಿ. ಆ ಹೊತ್ತಿಗೆ ಬಸ್ಸು ಕಡಿಮೆ. ಆಟೋಗೆ ಕೊಟ್ಟರೆ ಕೂಲಿಯಲ್ಲಿ ಏನು ಉಳಿಯುತ್ತದೆ? ನನ್ನ ಹಾಗೆ ವಾಚ್‌ಮನ್‌ಗಳು, ಗಾರೆ ಕೆಲಸದವರು, ಪೇಪರ್ ಹಾಕುವ ಹುಡುಗರು, ಕ್ಯಾನ್‌ನಲ್ಲಿ ಟೀ ಮಾರುವವರು ಎಲ್ಲ ಇದ್ದಾರೆ. ಸೈಕಲ್‌ನವರು ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಹೆಲ್ಮೆಟ್, ಬಣ್ಣದ ಬಟ್ಟೆ ಬರುತ್ತದೆ. ನಾವು ಲೆಕ್ಕಕ್ಕೇ ಬರುವುದಿಲ್ಲ.

ಲೈಟ್ ಯಾಕೆ ಇಲ್ಲ ಅಂತ ಕೇಳಿದಿರಿ. ಹಾಕಿದ್ದೆ. ಕಳಚುವಂಥ ಲೈಟ್ ಆದ್ದರಿಂದ ಸ್ಟ್ಯಾಂಡ್‌ನಲ್ಲಿ ಕದ್ದರು. ಈಗ ಏನು ಮಾಡಿದ್ದೇನೆ ಅಂದರೆ, ಲಾರಿಗಳ ಬಾಡಿ ಮೇಲೆ ಅಂಟಿಸುವ ಹೊಳೆಯುವ ಪಟ್ಟಿ ಬರುತ್ತದಲ್ಲ, ಅದನ್ನು ಕತ್ತರಿಸಿ ಹಿಂದಿನ ಮಡ್‌ಗಾರ್ಡ್‌ಗೂ ಎರಡೂ ಪೆಡಲ್‌ಗೂ ಅಂಟಿಸಿದ್ದೇನೆ. ಪೆಡಲ್ ತಿರುಗುವಾಗ ಮೇಲೆ ಕೆಳಗೆ ಹೊಳೆಯುವುದರಿಂದ ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ಇದನ್ನು ಯಾರೂ ಕದಿಯುವುದಿಲ್ಲ. ನಮ್ಮ ಲೈನ್‌ನಲ್ಲಿ ಬಹಳ ಜನಕ್ಕೆ ಹೀಗೇ ಅಂಟಿಸಿಕೊಟ್ಟೆ.

ಒಂದು ಮಾತು. ಬೈಯುವಾಗಲೂ ವ್ಯತ್ಯಾಸ ಇದೆ. ದುಬಾರಿ ಸೈಕಲ್‌ನವನಿಗೆ ‘ಸ್ವಲ್ಪ ಪಕ್ಕಕ್ಕೆ ಸರ್’ ಅನ್ನುತ್ತಾರೆ. ನಮಗೆ ಮೊದಲ ಮಾತೇ ‘ಲೇ’.

ಮೈಸೂರು ಮೇಷ್ಟ್ರು

ಪೀಣ್ಯದ ತಮ್ಮ ಹೇಳಿದ್ದು ಸತ್ಯ. 2011ರ ಜನಗಣತಿಯಲ್ಲಿ, ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರನ್ನು ಹೇಗೆ ಹೋಗುತ್ತೀರಿ ಅಂತ ಕೇಳಿದ್ದರು. ದೇಶದಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ ಅಂದಿದ್ದರು. ಕಾರಿನವರು ಅದಕ್ಕಿಂತ ಎಷ್ಟೋ ಕಡಿಮೆ.

ನಾವು ಹುಡುಗರಾಗಿದ್ದಾಗ ಸೈಕಲ್‌ಗೂ ಪುರಸಭೆಯ ಬಿಲ್ಲೆ ಇರಬೇಕಿತ್ತು. ಡೈನಮೋ ಲೈಟ್ ಇಲ್ಲದೆ ರಾತ್ರಿ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಡಬಲ್ ರೈಡ್ ಹೋದರೂ ಅದೇ ಶಿಕ್ಷೆ. ಆದ್ದರಿಂದ ಡೀಸೆಲ್ ಗಾಡಿಯವರು ಕೇಳಿದ ನಂಬರ್ ಹೊಸದೇನಲ್ಲ. ಆದರೆ ಆಗ ರಸ್ತೆಯ ತುಂಬಾ ಸೈಕಲ್ಲೇ ಇತ್ತು, ಮೋಟಾರು ಗಾಡಿ ಅಪರೂಪ. ಅದನ್ನು ಈಗ ತಂದರೆ ಏನಾಗುತ್ತದೆ? ಕಾರಿನವರಿಗೆ ಏನೂ ಸಿಗುವುದಿಲ್ಲ, ಫ್ಯಾಕ್ಟರಿಯ ಹುಡುಗನಿಗೆ ಇನ್ನೊಂದು ದಂಡ.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಶುರುವಾಯಿತು. 450 ಸೈಕಲ್, ಊರಿನ ತುಂಬಾ ನಿಲ್ದಾಣ. ಕಾರ್ಡ್ ತೋರಿಸಿ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವುದು. ನಮ್ಮ ವಿದ್ಯಾರ್ಥಿಗಳು ಬಹಳ ಖುಷಿಯಿಂದ ಬಳಸಿದರು. ಸೈಕಲ್ ಕೊಟ್ಟಷ್ಟು ಸುಲಭವಾಗಿ ಅವು ಓಡಾಡುವ ಜಾಗ ಕೊಡಲಿಲ್ಲ ಅನ್ನುವುದು ನನ್ನ ಕೊರಗು.

ಸ್ಟೇರಿಂಗ್ ಹಿಂದೆ

ನಾನು ಸಿಟಿ ಬಸ್ ಡ್ರೈವರ್. ಓದುತ್ತಾ ಇದ್ದೆ, ನಮ್ಮ ಕಡೆಯದೂ ಹೇಳಬೇಕು ಅನ್ನಿಸಿತು.

ಬಸ್ಸು 12 ಮೀಟರ್ ಉದ್ದ. ಎಡಕ್ಕೆ ತಿರುಗಿಸುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಮೂಲೆಯಲ್ಲಿ ಸೈಕಲ್ ನಿಂತಿದ್ದರೆ ಮುಂಭಾಗ ದಾಟಿತು, ಬಚಾವ್ ಅಂದುಕೊಳ್ಳುತ್ತಾರೆ. ಅಪಾಯ ಆಮೇಲೆ ಬರುತ್ತದೆ. ಎಡಗಡೆ ಬಾಗಿಲಿನ ಕೆಳಗೆ, ಮುಂದಿನ ಗಾಜಿನ ಕೆಳಗೆ ನನಗೆ ಕಾಣದ ಜಾಗ ಇದೆ. ಸೈಕಲ್‌ನವರಿಗೆ ಒಂದೇ ಗುರುತು ಹೇಳುತ್ತೇನೆ: ನನ್ನ ಕನ್ನಡಿಯಲ್ಲಿ ನನ್ನ ಮುಖ ನಿಮಗೆ ಕಾಣದಿದ್ದರೆ ನೀವೂ ನನಗೆ ಕಾಣುತ್ತಿಲ್ಲ. ಇಂಡಿಕೇಟರ್ ಎಡಕ್ಕೆ ಬಿದ್ದ ಮೇಲೆ ದಯವಿಟ್ಟು ಎಡಗಡೆಯಿಂದ ನುಗ್ಗಬೇಡಿ.

ಸ್ಟಾಪ್‌ನದು ಇನ್ನೊಂದು ಗೋಳು. ನಾನು ಸೈಕಲ್ ದಾಟಿ ಮುಂದೆ ಬಂದಿರುತ್ತೇನೆ. ಅಷ್ಟರಲ್ಲಿ ಸ್ಟಾಪ್ ಬರುತ್ತದೆ, ಎಡಕ್ಕೆ ಒತ್ತಬೇಕು. ಅವರು ನನ್ನನ್ನು ದಾಟುತ್ತಾರೆ. ಮುಂದಿನ ಸ್ಟಾಪ್‌ನಲ್ಲಿ ಮತ್ತೆ ಅದೇ. ಇಬ್ಬರಿಗೂ ರೇಗುತ್ತದೆ. ಸ್ಟಾಪ್ ಹತ್ತಿರ ಇದ್ದಾಗ ನಾನು ದಾಟುವುದನ್ನೇ ಬಿಟ್ಟಿದ್ದೇನೆ. ಹಿಂದೆಯೇ ನಿಧಾನ ಬರುತ್ತೇನೆ. ಹಿಂದಿನ ಕಾರಿನವರು ನನಗೆ ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಆದರೆ ಟ್ರಿಪ್‌ಗೆ ಕೊಟ್ಟಿರುವ ಟೈಮ್ ನೋಡಿದರೆ ಎಲ್ಲ ಡ್ರೈವರ್‌ಗಳಿಗೂ ಹೀಗೆ ಮಾಡಲು ಆಗುವುದಿಲ್ಲ. ಆ ಒತ್ತಡದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬನಶಂಕರಿ ಕಾರು

ಡ್ರೈವರ್ ಅಣ್ಣ, ಹಿಂದಿನ ಚಕ್ರದ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಇದನ್ನು ಲೈಸೆನ್ಸ್ ಕೊಡುವಾಗಲೇ ಹೇಳಿಕೊಡಬೇಕು.

ಪೆಡಲ್ ಪಯಣ ಅವರೇ, ನನ್ನ ರೂಟ್‌ನಲ್ಲೇ ಸೈಕಲ್ ಲೇನ್ ಮಾಡಿದ್ದರಲ್ಲ, ಅದಕ್ಕೇನಾಯಿತು? ಪ್ರತ್ಯೇಕ ಲೇನ್ ಇದ್ದರೆ ಈ ತಕರಾರೇ ಇರುವುದಿಲ್ಲ.

ಪೆಡಲ್ ಪಯಣ

2020ರಲ್ಲಿ, ಕೊರೊನಾ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಮಾಡಿದ ತಾತ್ಕಾಲಿಕ ಲೇನ್ ಅದು. ಬಸ್ ಲೇನ್ ಪಕ್ಕದಲ್ಲೇ ಬಣ್ಣ ಬಳಿದು ಪ್ಲಾಸ್ಟಿಕ್ ಕಂಬ ನೆಟ್ಟಿದ್ದರು. ಬೈಕ್‌ನವರು ನುಗ್ಗಿದರು, ಕಂಬಗಳು ಮುರಿದವು, ಆಮೇಲೆ ಸಿಲ್ಕ್ ಬೋರ್ಡ್–ಕೆ.ಆರ್.ಪುರ ಮೆಟ್ರೋ ಕೆಲಸಕ್ಕೆ ರಸ್ತೆಯನ್ನೇ ಅಗೆದರು. ಲೇನ್ ಹೋಯಿತು. ಇದ್ದಷ್ಟು ದಿನ ಚೆನ್ನಾಗಿತ್ತು.

ಜಯನಗರದಲ್ಲಿ ಅದಕ್ಕೂ ಎಷ್ಟೋ ಮೊದಲೇ ಲೇನ್ ಮಾಡಿದ್ದರು. ಅದರ ಮೇಲೆ ಕಾರು ನಿಲ್ಲಿಸಿದರು. ಬರೀ ಬಣ್ಣದಿಂದ ಏನೂ ಆಗುವುದಿಲ್ಲ ಅನ್ನುವುದಕ್ಕೆ ಈ ಎರಡೇ ಸಾಕು. ಟೆಂಡರ್‌ಶೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯಲ್ಲಿ ಮಾಡಿದ ಕೆಲವು ರಸ್ತೆಗಳಲ್ಲಿ, ಸೇಂಟ್ ಮಾರ್ಕ್ಸ್ ರೋಡ್ ಕಡೆ, ಕೇಬಲ್ಲು ಪೈಪು ಎಲ್ಲ ಫುಟ್‌ಪಾತ್ ಕೆಳಗೆ ಹೋದವು. ಅಲ್ಲಿ ಅಂಚು ಸಮತಟ್ಟಾಗಿದೆ. ಅಲ್ಲಿ ನಾನು ಅಂಚಿನಲ್ಲೇ ಹೋಗುತ್ತೇನೆ, ಯಾರೂ ಹೇಳಬೇಕಾಗಿಲ್ಲ.

ಮಂಡ್ಯ ಸರ್ವಿಸ್ ರೋಡ್

ಬೆಂಗಳೂರು ಬಿಟ್ಟು ಸ್ವಲ್ಪ ಈ ಕಡೆಯೂ ನೋಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಎಲ್ಲಕ್ಕೂ ನಿಷೇಧ. ಅಷ್ಟು ವೇಗದ ರಸ್ತೆಯಲ್ಲಿ ಸೈಕಲ್ ಇರಬಾರದು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕಡೆ ಗದ್ದೆ, ಈ ಕಡೆ ಮನೆ ಇರುವವರು ಏನು ಮಾಡಬೇಕು? ದಾಟುವ ಜಾಗ ದೂರ ಇದ್ದರೆ ಜನ ಸರ್ವಿಸ್ ರೋಡಿನಲ್ಲಿ ರಾಂಗ್ ಸೈಡ್ ಹೋಗುತ್ತಾರೆ. ಕ್ಯಾರಿಯರ್‌ನಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡವನು ಎರಡು ಮೂರು ಕಿಲೋಮೀಟರ್ ಸುತ್ತಿ ಬರುತ್ತಾನಾ? ರಾಂಗ್ ಸೈಡ್ ಬಂದವನನ್ನು ನೀವು ಬೈಯುತ್ತೀರಿ. ದಾಟುವ ದಾರಿ ಅಷ್ಟು ದೂರ ಇಟ್ಟವರನ್ನು ಯಾರೂ ಕೇಳುವುದಿಲ್ಲ.

ವಿಜಯಪುರ ಗಾಳಿ

ನಮ್ಮ ಕಡೆ ಸೈಕಲ್ ಅಂದರೆ ಆಟ ರೀ. ವಿಜಯಪುರ, ಬಾಗಲಕೋಟೆಯ ಹುಡುಗರು, ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಪ್ರಾಕ್ಟೀಸ್ ಎಲ್ಲಿ? ಹೈವೇಯಲ್ಲಿ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ, ಬಿಸಿಲು ಏರಿದ ಮೇಲೆ ಆಗುವುದಿಲ್ಲ.

ಗಾಡಿಯವರು ಎರಡು ವಿಷಯ ತಿಳಿದುಕೊಳ್ಳಬೇಕು. ಒಂದು, ಇವರ ವೇಗ. ಸೈಕಲ್ ಅಂದರೆ ನಿಧಾನ ಅಂದುಕೊಂಡು ಎದುರಿನಿಂದ ಬಲಕ್ಕೆ ತಿರುಗಿಸಿಬಿಡುತ್ತಾರೆ. ರೇಸ್ ಸೈಕಲ್ 35–40ರಲ್ಲಿ ಬರುತ್ತಿರುತ್ತದೆ. ಎರಡನೆಯದು ಗಾಳಿ. ಲಾರಿ ಹತ್ತಿರದಿಂದ ಜೋರಾಗಿ ಹೋದರೆ ಮೊದಲು ಹೊರಕ್ಕೆ ತಳ್ಳುತ್ತದೆ, ಹಿಂಭಾಗ ದಾಟುವಾಗ ಒಳಕ್ಕೆ ಎಳೆಯುತ್ತದೆ. ತಾಗದೆ ಇದ್ದರೂ ಬೀಳಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಬೇರೆ. ಮುಂದಿನದು ದಾಟಿತು ಅಂತ ಸೈಕಲ್‌ನವನು ಬಲಕ್ಕೆ ಬಂದರೆ ಹಿಂದಿನ ಟ್ರೇಲರ್ ಓಲಾಡುತ್ತಾ ಬರುತ್ತದೆ.

ಅಕ್ಕಪಕ್ಕ ಹೋಗುವ ಬಗ್ಗೆ: ಹತ್ತು ಜನ ಒಬ್ಬರ ಹಿಂದೆ ಒಬ್ಬರು ಹೋದರೆ ಸಾಲು ಉದ್ದ ಆಗುತ್ತದೆ, ದಾಟಲು ನಿಮಗೇ ಹೆಚ್ಚು ದೂರ ಬೇಕು. ಇಬ್ಬಿಬ್ಬರು ಹೋದರೆ ಅರ್ಧ ಸಾಕು. ಆದರೆ ಮೂರು ನಾಲ್ಕು ಜನ ಹರಟೆ ಹೊಡೆಯುತ್ತಾ ಹೋಗುವುದು ನನಗೂ ಸರಿ ಅನ್ನಿಸುವುದಿಲ್ಲ. ಹಿಂದೆ ಗಾಡಿ ಬಂದರೆ ಕೊನೆಯವನು ಕೂಗಿ ಹೇಳಬೇಕು. ನಮ್ಮ ಹುಡುಗರಿಗೆ ಮೊದಲ ವಾರದಲ್ಲೇ ಅದನ್ನು ಕಲಿಸುತ್ತಾರೆ.

ಕಪ್ಪು ಕೋಟು

ಕಾನೂನಿನ ಮಾತು ಸ್ವಲ್ಪ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸೈಕಲ್ ಮೋಟಾರು ವಾಹನ ಅಲ್ಲ. ಅದಕ್ಕೇ ಲೈಸೆನ್ಸ್, ನಂಬರ್, ವಿಮೆ ಬೇಡ. ಅದರ ಅರ್ಥ ರಸ್ತೆಯಲ್ಲಿ ಹಕ್ಕಿಲ್ಲ ಅಂತ ಅಲ್ಲ. ಅಪಾಯಕಾರಿ ಚಾಲನೆಗೆ ಅದೇ ಕಾಯ್ದೆಯ 184ನೇ ಕಲಂ ಇದೆ. 2019ರ ತಿದ್ದುಪಡಿಯ ನಂತರ ಕೆಂಪು ಸಿಗ್ನಲ್ ದಾಟುವುದು, ಫೋನ್ ಹಿಡಿದು ಓಡಿಸುವುದು, ನಿಯಮ ಮೀರಿ ಓವರ್‌ಟೇಕ್ ಮಾಡುವುದು ಎಲ್ಲ ಅದರೊಳಗೆ ಬರುತ್ತವೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಜೈಲೂ ಆಗಬಹುದು.

ಜರ್ಮನಿಯಲ್ಲಿ 2020ರಿಂದ ಅಂಕಿಯನ್ನೇ ಬರೆದಿದ್ದಾರೆ: ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್. ಅಂಕಿ ಇದ್ದರೆ ವಾದಕ್ಕೆ ಜಾಗ ಕಡಿಮೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷಕ್ಕೂ ಹೆಚ್ಚು. ನಡೆದು ಹೋಗುವವರೇ 32 ಸಾವಿರಕ್ಕೂ ಹೆಚ್ಚು, ಸೈಕಲ್‌ನವರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಇದನ್ನು ಯಾರದ್ದೋ ಅಜಾಗರೂಕತೆ ಅಂತ ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಯುಟ್ರೆಕ್ಟ್ ಕನ್ನಡಿಗ

ನೆದರ್‌ಲ್ಯಾಂಡ್ಸ್‌ನಲ್ಲಿ ಇರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ಇಲ್ಲಿಯವರು ಹುಟ್ಟಾ ಸೈಕಲ್ ಜನ ಅಂತ ನಮ್ಮವರು ಅಂದುಕೊಳ್ಳುತ್ತಾರೆ. 1971ರಲ್ಲಿ ಈ ಚಿಕ್ಕ ದೇಶದಲ್ಲಿ ರಸ್ತೆ ಅಪಘಾತಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಬೀದಿಗೆ ಇಳಿದರು. 1973ರಲ್ಲಿ ಪೆಟ್ರೋಲ್ ಅಭಾವ ಬಂತು, ಭಾನುವಾರ ಕಾರು ಬಂದ್ ಆಯಿತು. ಆಮೇಲೆ ದಶಕಗಟ್ಟಲೆ ಒಂದೊಂದೇ ರಸ್ತೆ ಬದಲಾಯಿಸುತ್ತಾ ಬಂದರು.

ಇಲ್ಲಿಯ ಕಾನೂನೂ ಬೇರೆ. ಕಾರಿಗೂ ಸೈಕಲ್‌ಗೂ ಅಪಘಾತ ಆದರೆ ನಷ್ಟದ ಹೊಣೆ ಮೊದಲು ಕಾರಿನವನ ಮೇಲೆ. 14 ವರ್ಷಕ್ಕಿಂತ ಚಿಕ್ಕ ಮಗು ಆದರೆ ಪೂರ್ತಿ ಅವನದೇ ಅನ್ನಬಹುದು. ತಿರುವಿನಲ್ಲಿ ಕಾರಿನವರು ತಲೆ ತಿರುಗಿಸಿ ನೋಡುವುದಕ್ಕೆ ಇದೂ ಒಂದು ಕಾರಣ. ಜಗಳ ಇಲ್ಲ ಅಂತ ಅಲ್ಲ. ವೇಗದ ಎಲೆಕ್ಟ್ರಿಕ್ ಸೈಕಲ್‌ಗಳ ಬಗ್ಗೆ ಇಲ್ಲಿಯ ಅಜ್ಜಿಯರು ದಿನಾ ಬೈಯುತ್ತಾರೆ.

ಡೀಸೆಲ್ ಗಾಡಿ

ಆ ದೇಶದ ಹಣ, ಜನಸಂಖ್ಯೆ ಬೇರೆ. ನಮ್ಮ ಬೀದಿಗಳಲ್ಲಿ ಬಸ್ಸಿಗೇ ಜಾಗ ಇಲ್ಲ. ಎಲ್ಲ ಕಡೆ ಪ್ರತ್ಯೇಕ ಲೇನ್ ಆಗುವುದಿಲ್ಲ.

ಮೈಸೂರು ಮೇಷ್ಟ್ರು

ಎಲ್ಲ ಕಡೆ ಬೇಕಾಗಿಲ್ಲ ಸ್ವಾಮಿ. ಬಡಾವಣೆಯ ಒಳರಸ್ತೆಗಳಲ್ಲಿ ವೇಗ 30ಕ್ಕೆ ಇಳಿಸಿದರೆ ಲೇನ್ ಬೇಕಾಗಿಯೇ ಇಲ್ಲ. 30ರಲ್ಲಿ ಕಾರು ಸೆಕೆಂಡಿಗೆ 8 ಮೀಟರ್ ಹೋಗುತ್ತದೆ, 60ರಲ್ಲಿ 16 ಮೀಟರ್‌ಗೂ ಹೆಚ್ಚು. ಅದು ಬ್ರೇಕ್ ಮೇಲೆ ಕಾಲು ಇಡುವ ಮೊದಲು. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು. ರಸ್ತೆ ಸುರಕ್ಷತೆಯ ಬಗ್ಗೆ 2020ರಲ್ಲಿ ಹಲವು ದೇಶಗಳು ಸೇರಿ ಮಾಡಿದ ಸ್ಟಾಕ್‌ಹೋಮ್ ಘೋಷಣೆಯಲ್ಲೂ ಜನ ಮತ್ತು ಗಾಡಿ ಬೆರೆಯುವ ಕಡೆ 30 ಇರಲಿ ಅಂದಿದ್ದಾರೆ. ದೊಡ್ಡ ರಸ್ತೆಗಳಿಗೆ ಮಾತ್ರ ಎತ್ತರಿಸಿದ ಲೇನ್ ಕೊಡಿ. ಉಳಿದ ಕಡೆ ಜಾಲರಿ ಅಡ್ಡಕ್ಕೆ ಕೂರಿಸಲು ಯಾವ ಶ್ರೀಮಂತ ದೇಶ ಆಗಬೇಕು?

ಜಯನಗರ ಅಮ್ಮ

ಎಲ್ಲರ ಮಾತೂ ಓದಿದೆ. ನನ್ನದು ಚಿಕ್ಕ ಪ್ರಶ್ನೆ. ಮಗಳು ಎಂಟನೇ ಕ್ಲಾಸ್. ನಾವು ಹಾಸನದ ಕಡೆಯ ಹಳ್ಳಿಯವರು. 2006ರ ನಂತರ ಸರ್ಕಾರಿ ಶಾಲೆಗಳಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದರಲ್ಲ, ನನ್ನ ತಂಗಿ ಅದರಲ್ಲೇ ಹೈಸ್ಕೂಲ್ ಮುಗಿಸಿದಳು. ಊರಲ್ಲಿ ಅದು ಸಹಜವಾಗಿತ್ತು. ಇಲ್ಲಿ ಮಗಳು ಕೇಳುತ್ತಿದ್ದಾಳೆ, ಶಾಲೆ ಹತ್ತಿರವೇ ಇದೆ, ಆದರೂ ನನಗೆ ಧೈರ್ಯ ಬರುತ್ತಿಲ್ಲ. ಮೊದಲು ನಾನೂ ಜೊತೆಗೆ ತುಳಿಯಬೇಕು ಅಂತಿದ್ದೇನೆ. ಅವಳ ಮುಂದೆ ಹೋಗಬೇಕಾ, ಹಿಂದೆ ಹೋಗಬೇಕಾ?

ಪೆಡಲ್ ಪಯಣ

ಹಿಂದೆ ಹೋಗಿ ಮೇಡಂ. ಅವಳಿಗಿಂತ ಅರ್ಧ ಮೀಟರ್ ಬಲಕ್ಕೆ. ಆಗ ಗಾಡಿಗಳು ನಿಮ್ಮನ್ನು ನೋಡಿ ಸುತ್ತಿ ಹೋಗುತ್ತವೆ, ಅವಳಿಗೆ ತಾನಾಗಿಯೇ ಜಾಗ ಸಿಗುತ್ತದೆ. ತಿರುವು ಬರುವ ಮೊದಲು ಹಿಂದಿನಿಂದ ಹೇಳಬಹುದು. ದೊಡ್ಡ ಕ್ರಾಸ್‌ಗಳಲ್ಲಿ ಇಳಿದು ತಳ್ಳಿಕೊಂಡು ದಾಟಿ.

ಸ್ಟೇರಿಂಗ್ ಹಿಂದೆ

ಒಂದು ಸೇರಿಸಿ ಅಕ್ಕ. ರಜಾ ದಿನ ಬೆಳಗ್ಗೆ ಮಗಳನ್ನು ಯಾವುದಾದರೂ ಡಿಪೋ ಅಥವಾ ಕೊನೆ ಸ್ಟಾಪ್‌ಗೆ ಕರೆದುಕೊಂಡು ಹೋಗಿ. ನಿಂತ ಬಸ್ಸಿನ ಡ್ರೈವರ್‌ನ ಕೇಳಿ, ಒಮ್ಮೆ ಸೀಟಿನಲ್ಲಿ ಕೂರಿಸುತ್ತಾರೆ. ನೀವು ಸೈಕಲ್ ಹಿಡಿದು ಎಡಗಡೆ ಬಾಗಿಲ ಹತ್ತಿರ ನಿಲ್ಲಿ. ಎಲ್ಲಿ ನಿಂತರೆ ಕಾಣುತ್ತೀರಿ, ಎಲ್ಲಿ ಕಾಣುವುದಿಲ್ಲ ಅಂತ ಅವಳೇ ಹೇಳಲಿ. ನನ್ನ ಮಗನಿಗೆ ಹಾಗೇ ತೋರಿಸಿದ್ದು.

ಬನಶಂಕರಿ ಕಾರು

ಅಮ್ಮ, ಶಾಲೆ ಯಾವ ಬ್ಲಾಕ್ ಕಡೆ ಅಂತ ಮಾತ್ರ ಹೇಳಿ. ಆ ದಾರಿಯ ಜಾಲರಿಗಳ ಫೋಟೋ ತೆಗೆದು ಪಾಲಿಕೆಗೆ ಕೊಡುತ್ತೇನೆ. ಪೆಡಲ್ ಪಯಣ ಅವರೇ, ಅರ್ಜಿಯಲ್ಲಿ ಏನು ಬರೆಯಬೇಕು?

ಪೆಡಲ್ ಪಯಣ

ಜಾಗದ ಗುರುತು, ಹತ್ತಿರದ ಅಂಗಡಿ ಅಥವಾ ಕಂಬದ ನಂಬರ್, ಸಂದಿಯ ಅಗಲ. ಫೋಟೋದಲ್ಲಿ ಪಕ್ಕಕ್ಕೆ ಒಂದು ಸ್ಕೇಲ್ ಇಡಿ. ಸರಳು ಅಡ್ಡಕ್ಕೆ ತಿರುಗಿಸಿ ಕೂರಿಸಿ ಅಂತ ಮಾತ್ರ ಕೇಳಿ, ಬೇರೇನೂ ಸೇರಿಸಬೇಡಿ. ಒಂದೇ ಕೆಲಸ ಕೇಳಿದ ಅರ್ಜಿ ಬೇಗ ಮುಂದೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳು ತೆಗೆಯಲು ಹೇಗೂ ಜಾಲರಿ ಎತ್ತುತ್ತಾರೆ, ಅದಕ್ಕೂ ಮೊದಲೇ ಕೊಡಿ.